ಹೊಸ ಮೀನಿಗೆ ಪ್ಯಾರಸೈಟ್ ಇದೆಯಾ? ಔಷಧಿ ಸುರಿಯುವ ಮೊದಲು ಮತ್ತು ಆಮೇಲೆ

ಹೊಸ ಮೀನು ತಂದು ಮೂರು ದಿನ ಆಗಿದೆ. ಒಂದು ಮೀನು ಕಲ್ಲಿಗೆ ಮೈ ಉಜ್ಜುತ್ತಿದೆ, ಇನ್ನೊಂದು ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದಿದೆ. ಎದೆ ಧಸಕ್ ಅನ್ನುತ್ತದೆ, ಅಲ್ವಾ? ಕೈ ನೇರವಾಗಿ ಔಷಧಿ ಬಾಟಲಿಗೆ ಹೋಗುತ್ತದೆ. ಅಲ್ಲೇ ತಡೆಯಿರಿ. ಪ್ಯಾರಸೈಟ್, ಅಂದರೆ ಮೀನಿನ ಮೈಯನ್ನೇ ನಂಬಿ ಬದುಕುವ ಪರಾವಲಂಬಿ, ಒಂದೇ ಜೀವಿ ಅಲ್ಲ. ಕಣ್ಣಿಗೆ ಕಾಣದ ಏಕಕೋಶ ಜೀವಿಯೂ ಇದೆ, ಬರಿಗಣ್ಣಿಗೆ ಚೆನ್ನಾಗಿ ಕಾಣುವ ಹೇನೂ ಇದೆ, ಕರುಳಿನೊಳಗೆ ಕೂತ ಹುಳವೂ ಇದೆ. ಒಂದನ್ನು ಕೊಲ್ಲುವ ಔಷಧಿ ಇನ್ನೊಂದಕ್ಕೆ ತಟ್ಟುವುದೇ ಇಲ್ಲ. ತಪ್ಪು ಔಷಧಿ ಹಾಕಿದರೆ ಹುಳ ಹಾಗೇ ಉಳಿಯುತ್ತದೆ, ಮೀನಿನ ಕಿವಿರು ಮತ್ತು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ಸೊರಗುತ್ತವೆ.

ನಾನು ಮೀನು ಸಾಕಲು ಶುರು ಮಾಡಿದ ಹೊಸತರಲ್ಲಿ ಆರು ಟೆಟ್ರಾ ತಂದು ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟೆ. ನಾಲ್ಕನೇ ದಿನ ಬಿಳಿ ಚುಕ್ಕಿ ಕಾಣಿಸಿತು. ಎರಡು ದಿನ ಔಷಧಿ ಹಾಕಿದೆ, ಚುಕ್ಕಿ ಮಾಯವಾಯಿತು, ನಿಲ್ಲಿಸಿದೆ. ವಾರ ಕಳೆಯುವುದರೊಳಗೆ ಮೊದಲಿಗಿಂತ ಹತ್ತು ಪಟ್ಟು ಚುಕ್ಕಿ ಬಂತು, ಟ್ಯಾಂಕಿನಲ್ಲಿ ಮೊದಲೇ ಇದ್ದ ಮೀನುಗಳೂ ಹೋದವು. ಔಷಧಿ ಸರಿಯಾಗಿಯೇ ಇತ್ತು. ದಿನದ ಲೆಕ್ಕ ತಪ್ಪಿತ್ತು. ಆ ಲೆಕ್ಕ ಏನು ಅಂತ ಕೆಳಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ಯಾರಸೈಟ್ ಚಿಕಿತ್ಸೆಯಲ್ಲಿ ಜಾಸ್ತಿ ಜನ ಎಡವುವುದು ಅಲ್ಲೇ.

ಮೊದಲು ನೀರು, ಆಮೇಲೆ ಮೀನು

ಮೈ ಉಜ್ಜುವುದು, ಮೇಲೆ ಬಂದು ಬಾಯಿ ತೆರೆಯುವುದು, ರೆಕ್ಕೆ ಮಡಚುವುದು, ಇವೆಲ್ಲ ಮೀನಿನ ಹಿಕ್ಕೆ, ಉಳಿದ ಊಟದಿಂದ ನೀರಿಗೆ ಸೇರುವ ಅಮೋನಿಯಾ ಜಾಸ್ತಿಯಾದರೂ ಆಗುತ್ತವೆ. ಅಮೋನಿಯಾ ಕಿವಿರನ್ನು ಸುಡುತ್ತದೆ. ಅಮೋನಿಯಾದಿಂದ ಹುಟ್ಟುವ ನೈಟ್ರೈಟ್ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ನಲ್ಲಿ ನೀರಿನ ಕ್ಲೋರಿನ್ ಹೋಗಿರದಿದ್ದರೂ ಮೀನು ಇದೇ ರೀತಿ ಒದ್ದಾಡುತ್ತದೆ. ಹಾಗಾಗಿ ಮೊದಲ ಕೆಲಸ ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತೆಗೆಯುವುದು. ಅಮೋನಿಯಾ 0, ನೈಟ್ರೈಟ್ 0 ಇರಬೇಕು. ಇಲ್ಲದಿದ್ದರೆ ಇವತ್ತೇ ಅರ್ಧ ನೀರು ಬದಲಿಸಿ, ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರು ಹಾಕಿ, ನಾಳೆ ಮತ್ತೆ ನೋಡಿ. ಎಷ್ಟೋ ಸಲ ‘ಕಾಯಿಲೆ’ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಸುಳಿವು ಇದೆ. ಎಲ್ಲ ಮೀನೂ ಒಂದೇ ಹೊತ್ತಿನಲ್ಲಿ, ಕೆಲವೇ ಗಂಟೆಗಳಲ್ಲಿ ಕೆಟ್ಟರೆ ನೀರನ್ನು ಅನುಮಾನಿಸಿ. ಇವತ್ತು ಒಂದು, ನಾಳೆ ಎರಡು, ನಾಡಿದ್ದು ನಾಲ್ಕು ಅಂತ ಹರಡುತ್ತಾ ಹೋದರೆ ಪ್ಯಾರಸೈಟ್ ಅಥವಾ ಸೋಂಕು ಇರುವ ಸಾಧ್ಯತೆ ಹೆಚ್ಚು.

ಬೇರೆ ಟ್ಯಾಂಕ್ ಬೇಕೇ ಬೇಕು

ಹೊಸ ಮೀನನ್ನು ಕನಿಷ್ಠ 4 ವಾರ ಬೇರೆ ಇಡಿ. ಚಿಕ್ಕ ಮೀನುಗಳಿಗೆ 40 ಲೀಟರಿನ ಟ್ಯಾಂಕ್ ಸಾಕು. ಒಂದು ಸ್ಪಂಜ್ ಫಿಲ್ಟರ್, ಹೀಟರ್, ಮುಚ್ಚಳ, ಬಚ್ಚಿಟ್ಟುಕೊಳ್ಳಲು ಎರಡು ತುಂಡು ಪಿವಿಸಿ ಪೈಪ್, ಅಷ್ಟೇ. ಜಲ್ಲಿ ಹಾಕಬೇಡಿ. ತಳ ಬರಿದಾಗಿದ್ದರೆ ಮೀನಿನ ಹಿಕ್ಕೆಯ ಬಣ್ಣ, ಆಕಾರ ಸ್ಪಷ್ಟವಾಗಿ ಕಾಣುತ್ತದೆ, ತಳಕ್ಕೆ ಉದುರಿದ ಪ್ಯಾರಸೈಟ್ ಗೂಡು ಮತ್ತು ಮೊಟ್ಟೆಗಳನ್ನು ಪೈಪಿನಿಂದ ನೀರಿನ ಜೊತೆ ಎಳೆದು ಹೊರಗೆ ಹಾಕುವುದೂ ಸುಲಭ. ಸ್ಪಂಜನ್ನು ಮೂರು ನಾಲ್ಕು ವಾರ ಮೊದಲೇ ದೊಡ್ಡ ಟ್ಯಾಂಕಿನಲ್ಲಿ ಇಟ್ಟಿದ್ದರೆ ಅದರಲ್ಲಿ ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಕೂತಿರುತ್ತದೆ. ಹೊಸ ಒಣ ಸ್ಪಂಜ್ ಹಾಕಿದರೆ ಒಂದು ವಾರದಲ್ಲಿ ಅಮೋನಿಯಾ ಏರುತ್ತದೆ, ಆಗ ರೋಗ ಯಾವುದು, ನೀರಿನ ತೊಂದರೆ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಬಲೆ, ಬಕೆಟ್, ಪೈಪ್ ಎಲ್ಲ ಈ ಟ್ಯಾಂಕಿಗೆ ಬೇರೆಯೇ ಇರಲಿ. ದಿನವೂ ದೊಡ್ಡ ಟ್ಯಾಂಕಿನ ಕೆಲಸ ಮೊದಲು, ಹೊಸ ಟ್ಯಾಂಕಿನ ಕೆಲಸ ಆಮೇಲೆ. ಮೀನು ತಂದ ಚೀಲದ ನೀರನ್ನು ಯಾವ ಟ್ಯಾಂಕಿಗೂ ಸುರಿಯಬೇಡಿ.

ನಾಲ್ಕು ವಾರ ಯಾಕೆ ಅಂತ ಕೇಳುತ್ತಾರೆ. ಮೈಮೇಲಿನ ಚುಕ್ಕಿ ಸಾಮಾನ್ಯವಾಗಿ ಮೊದಲ ವಾರ, ಹತ್ತು ದಿನದೊಳಗೆ ಕಾಣುತ್ತದೆ. ಕರುಳಿನ ಹುಳ ಹಾಗಲ್ಲ. ಮೀನು ಚೆನ್ನಾಗಿ ತಿನ್ನುತ್ತಲೇ ನಿಧಾನವಾಗಿ ಬಡಕಲಾಗುತ್ತದೆ, ಅದು ನಮ್ಮ ಕಣ್ಣಿಗೆ ಬೀಳಲು ವಾರಗಳೇ ಬೇಕು.

ಹೇಗೆ ನೋಡಬೇಕು

ಬೆಳಿಗ್ಗೆ ಲೈಟ್ ಹಾಕುವ ಮೊದಲು ಟಾರ್ಚ್ ಹಿಡಿದು ಹೋಗಿ. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಧೂಳಿನಂಥ ಪದರ ಓರೆ ಬೆಳಕಿನಲ್ಲಿ ಫಳ್ಳನೆ ಕಾಣುತ್ತದೆ. ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ, ನಿಧಾನಕ್ಕೆ ಓಡಿಸಿ, ಕಿವಿರಿನ ಮುಚ್ಚಳ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸಿ. ಅದೇ ಜಾತಿಯ ಆರೋಗ್ಯವಾದ ಮೀನಿನ ಜೊತೆ ಹೋಲಿಸಿ. ಒಂದೇ ಕಡೆಯ ಕಿವಿರು ಆಡುತ್ತಿದ್ದರೆ, ಇನ್ನೊಂದು ಮುಚ್ಚಿಯೇ ಇದ್ದರೆ ಬರೆದಿಟ್ಟುಕೊಳ್ಳಿ. ಹೊಟ್ಟೆ ಒಳಗೆ ಹೋಗಿದೆಯಾ, ಬೆನ್ನು ಕತ್ತಿಯ ಅಂಚಿನ ಹಾಗೆ ಆಗಿದೆಯಾ, ಗುದದ ಹತ್ತಿರ ಏನಾದರೂ ಹೊರಗೆ ಚಾಚಿದೆಯಾ ನೋಡಿ. ಊಟ ಹಾಕಿದಾಗ ಬಾಯಿಗೆ ಹಾಕಿಕೊಂಡು ಉಗಿಯುತ್ತದೆಯಾ ಎಂಬುದನ್ನೂ ಗಮನಿಸಿ, ಅದು ದೊಡ್ಡ ಸುಳಿವು.

ದಿನಕ್ಕೆ ಒಂದೆರಡು ಸಲ ಮೈ ಉಜ್ಜಿದರೆ ಗಾಬರಿ ಬೇಡ. ಗಂಟೆಗೆ ಹತ್ತಾರು ಸಲ ಉಜ್ಜಿದರೆ ಏನೋ ಇದೆ.

ಬಿಳಿ ಚುಕ್ಕಿ, ಅಂದರೆ ಇಕ್

ಇದು ಎಲ್ಲಕ್ಕಿಂತ ಸಾಮಾನ್ಯ. ಇದರ ಹೆಸರು ಇಕ್ತಿಯೋಫ್ಥೀರಿಯಸ್ ಮಲ್ಟಿಫಿಲಿಸ್, ಎಲ್ಲರೂ ಇಕ್ ಅನ್ನುತ್ತಾರೆ. ಮೈ ಮತ್ತು ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ, 1 ಮಿಲಿಮೀಟರ್ ಒಳಗಿನ ಬಿಳಿ ಚುಕ್ಕಿಗಳು. ಕೆಲವೊಮ್ಮೆ ಅದು ಕಿವಿರಿನಲ್ಲಿ ಮಾತ್ರ ಇರುತ್ತದೆ, ಮೈ ಶುಭ್ರವಾಗಿರುತ್ತದೆ, ಮೀನು ಏದುಸಿರು ಬಿಡುತ್ತಿರುತ್ತದೆ.

ಈಗ ಆ ಲೆಕ್ಕಕ್ಕೆ ಬರೋಣ. ನಾವು ನೋಡುವ ಚುಕ್ಕಿ ಚರ್ಮದ ಮೇಲೆ ಇಲ್ಲ, ಚರ್ಮದ ಹೊರಪದರದ ಒಳಗೆ ಇದೆ. ಅಲ್ಲಿ ಅದಕ್ಕೆ ಔಷಧಿ ಮುಟ್ಟುವುದಿಲ್ಲ. ಅದು ತಿಂದು ಬೆಳೆದು, ಮೀನನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ, ಸುತ್ತ ಅಂಟಂಟಾದ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೂ ಔಷಧಿ ಇಳಿಯುವುದಿಲ್ಲ. ಒಳಗೆ ಅದು ಒಡೆದು ಒಡೆದು ನೂರಾರು ಮರಿಯಾಗುತ್ತದೆ. ಗೂಡು ಬಿರಿದು ಆ ಮರಿಗಳು ಈಜುತ್ತಾ ಹೊಸ ಮೀನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಅಂದರೆ ಚುಕ್ಕಿ ಮಾಯವಾದ ದಿನ ರೋಗ ಹೋಯಿತು ಅಂತ ಅಲ್ಲ, ಅದು ತಳಕ್ಕೆ ಇಳಿದು ನೂರಾಗುತ್ತಿದೆ ಅಂತ. ನಾನು ಔಷಧಿ ನಿಲ್ಲಿಸಿದ್ದು ಸರಿಯಾಗಿ ಆ ದಿನವೇ.

ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಈ ಇಡೀ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ತಣ್ಣನೆ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಆದ್ದರಿಂದ ಬಿಸಿ ನೀರಿನ ಮೀನುಗಳಾದರೆ ಉಷ್ಣತೆಯನ್ನು ಕೆಲವು ಗಂಟೆಗೆ 1 ಡಿಗ್ರಿಯಂತೆ ಏರಿಸಿ 30ಕ್ಕೆ ತಂದು ನಿಲ್ಲಿಸುತ್ತಾರೆ. ಸುತ್ತು ಬೇಗ ತಿರುಗುತ್ತದೆ, ಎಷ್ಟೋ ಸಲ ಆ ಬಿಸಿಗೆ ಪ್ಯಾರಸೈಟ್ ಹೆಚ್ಚುವುದೇ ನಿಲ್ಲುತ್ತದೆ. ಆದರೆ ಬಿಸಿ ತಡೆಯುವ ತಳಿಗಳೂ ಇವೆ, ಅದಕ್ಕೆ ಬರೀ ಬಿಸಿಯನ್ನೇ ನಂಬಿ ಕೂರಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿಯ ಪಂಪ್ ಜೋರಾಗಿ ಓಡಲಿ. ಗೋಲ್ಡ್‌ಫಿಶ್, ಹೊಳೆ ನೀರಿನ ಲೋಚ್ ಇಂಥ ತಂಪು ಬಯಸುವ ಮೀನುಗಳಿಗೆ ಇದು ಬೇಡ.

ಉಪ್ಪು ಹಳೆಯ ಔಷಧಿ, ಈಗಲೂ ಒಳ್ಳೆಯದು. 1 ಲೀಟರಿಗೆ 2ರಿಂದ 3 ಗ್ರಾಂ, ಒಂದೇ ಸಲ ಅಲ್ಲ, ಒಂದು ದಿನದಲ್ಲಿ ಮೂರು ನಾಲ್ಕು ಕಂತಿನಲ್ಲಿ, ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿ. ನೀರು ಬದಲಿಸಿದರೆ ತೆಗೆದಷ್ಟು ನೀರಿಗೆ ತಕ್ಕ ಉಪ್ಪನ್ನು ಮಾತ್ರ ಮತ್ತೆ ಸೇರಿಸಿ, ಯಾಕೆಂದರೆ ಉಪ್ಪು ಆವಿಯಾಗಿ ಹೋಗುವುದಿಲ್ಲ. ಗಿಡಗಳಿಗೆ ಇದು ಆಗಿಬರುವುದಿಲ್ಲ. ಉಪ್ಪಿಗೆ ಬಗ್ಗದಿದ್ದರೆ ಮಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಸೇರಿದ ಔಷಧಿ, ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ, ಸಾಮಾನ್ಯವಾಗಿ ದಿನ ಬಿಟ್ಟು ದಿನ. ಯಾವ ದಾರಿ ಹಿಡಿದರೂ ಪ್ರತಿದಿನ ತಳದ ಕೊಳೆಯನ್ನು ಪೈಪಿನಿಂದ ಎಳೆಯಿರಿ, ಗೂಡುಗಳು ಹಾಗೇ ಹೊರಗೆ ಹೋಗುತ್ತವೆ. ಕೊನೆಯ ಚುಕ್ಕಿ ಹೋದ ಮೇಲೂ ಕನಿಷ್ಠ 5 ದಿನ, ಒಟ್ಟು ಎರಡು ವಾರದಷ್ಟು ಮುಂದುವರಿಸಿ.

ಚಿನ್ನದ ಧೂಳು ಬಿದ್ದ ಹಾಗೆ, ಟಾರ್ಚಿನ ಓರೆ ಬೆಳಕಿನಲ್ಲಿ ಮಾತ್ರ ಕಾಣುವ ಸಣ್ಣ ಸಣ್ಣ ಪುಡಿ ಇದ್ದರೆ ಅದು ಇಕ್ ಅಲ್ಲ, ವೆಲ್ವೆಟ್. ಪಿಸಿನೂಡಿನಿಯಂ ಎಂಬ ಜೀವಿ. ಚುಕ್ಕಿ ತುಂಬಾ ಚಿಕ್ಕದು, ಮೀನು ಕಾಯಿಲೆ ಬೀಳುವುದು ಮಾತ್ರ ಇಕ್‌ಗಿಂತ ಬೇಗ. ಇದರಲ್ಲಿ ಗಿಡದಂತೆ ಹಸಿರು ವಸ್ತು ಇರುತ್ತದೆ, ಬೆಳಕಿನಿಂದಲೂ ಶಕ್ತಿ ಪಡೆಯುತ್ತದೆ. ಅದಕ್ಕೇ ಟ್ಯಾಂಕನ್ನು ಬಟ್ಟೆಯಿಂದ ಮುಚ್ಚಿ ಕತ್ತಲು ಮಾಡಿ, ತಾಮ್ರ ಇರುವ ಔಷಧಿ ಕೊಡುತ್ತಾರೆ. ತಾಮ್ರ ಹಾಕುವಾಗ ತಾಮ್ರದ ಟೆಸ್ಟ್ ಕಿಟ್ ಕೈಯಲ್ಲಿರಲಿ. ಮೃದು ನೀರಿನಲ್ಲಿ ಅದು ಜಾಸ್ತಿ ವಿಷ. ಸೀಗಡಿ, ಬಸವನಹುಳುಗಳನ್ನು ಸಾಯಿಸುತ್ತದೆ.

ಬೂದು ಪದರ, ಉಬ್ಬಿದ ಕಿವಿರು

ಚುಕ್ಕಿ ಇಲ್ಲ, ಆದರೆ ಮೈಮೇಲೆ ಮಬ್ಬು ಬೂದು ಪದರ, ಲೋಳೆ ಜಾಸ್ತಿ, ಮೀನು ಒಂದೇ ಕಡೆ ಅಲುಗಾಡುತ್ತಾ ನಿಂತಿದೆ. ಕೋಸ್ಟಿಯಾ, ಟ್ರೈಕೋಡೈನಾ, ಕೈಲೋಡೊನೆಲ್ಲಾ, ಈ ಏಕಕೋಶ ಜೀವಿಗಳಲ್ಲಿ ಯಾವುದಾದರೂ ಆಗಿರಬಹುದು. ಬರಿಗಣ್ಣಿನಲ್ಲಿ ಬೇರೆ ಮಾಡಲು ಆಗುವುದಿಲ್ಲ. ಪುಣ್ಯಕ್ಕೆ ಮೂರಕ್ಕೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ, ಉಪ್ಪು ಅಥವಾ ಫಾರ್ಮಲಿನ್ ಇರುವ ಔಷಧಿ. ತುಂಬಿ ತುಳುಕುವ, ಕೊಳೆ ಕೂತ ಟ್ಯಾಂಕಿನಲ್ಲಿ ಇವು ಹೆಚ್ಚುತ್ತವೆ, ಹಾಗಾಗಿ ನೀರು ಬದಲಿಸುವುದೂ ಚಿಕಿತ್ಸೆಯೇ.

ಫ್ಲೂಕ್ ಬೇರೆ ಜಾತಿ. ಇವು ಚಪ್ಪಟೆ ಹುಳಗಳು, ಕೊಕ್ಕೆಯಿಂದ ಕಚ್ಚಿ ಹಿಡಿಯುತ್ತವೆ. ಕಿವಿರಿನಲ್ಲಿ ಇರುವುದು ಹೆಚ್ಚಾಗಿ ಡ್ಯಾಕ್ಟಿಲೋಗೈರಸ್, ಮೈಮೇಲೆ ಇರುವುದು ಹೆಚ್ಚಾಗಿ ಗೈರೋಡ್ಯಾಕ್ಟಿಲಸ್. ಮೊದಲನೆಯದು ಮೊಟ್ಟೆ ಇಡುತ್ತದೆ, ಎರಡನೆಯದು ಮರಿ ಹಾಕುತ್ತದೆ. ಇದು ಸುಮ್ನೆ ತಿಳಿದುಕೊಳ್ಳುವ ವಿಷಯ ಅಲ್ಲ. ಫ್ಲೂಕ್‌ಗೆ ಔಷಧಿ ಪ್ರಾಜಿಕ್ವಾಂಟೆಲ್, 1 ಲೀಟರಿಗೆ ಸುಮಾರು 2.5 ಮಿಲಿಗ್ರಾಂ. ಅದು ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮರಿ ಹಾಕುವ ಜಾತಿಗೆ ಒಂದು ಸಲ ಸಾಕಾಗಬಹುದು, ಮೊಟ್ಟೆ ಇಡುವ ಜಾತಿಗೆ ಒಂದು ವಾರ ಬಿಟ್ಟು ಮತ್ತೆ ಕೊಡಲೇಬೇಕು. ಯಾವುದು ಅಂತ ಗೊತ್ತಿಲ್ಲದಿದ್ದರೆ ಎರಡು ಸಲ ಕೊಡಿ. ಈ ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮುಚ್ಚಳ ಹಾಕಿದ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ ಹಾಕಿ. ನನ್ನ ಅನುಭವದಲ್ಲಿ ಮೀನುಗಳು ತುಂಬಾ ಚೆನ್ನಾಗಿ ತಡೆದುಕೊಳ್ಳುವ ಔಷಧಿ ಇದು.

ಆಂಕರ್ ವರ್ಮ್ ಮತ್ತು ಮೀನು ಹೇನು ಕಣ್ಣಿಗೇ ಕಾಣುತ್ತವೆ. ಗೋಲ್ಡ್‌ಫಿಶ್, ಕೊಯ್ ಮೀನುಗಳಲ್ಲಿ ಜಾಸ್ತಿ. ಆಂಕರ್ ವರ್ಮ್ ಮೈಯಿಂದ ನೇತಾಡುವ ದಾರದ ತುಂಡಿನ ಹಾಗೆ ಇರುತ್ತದೆ, ಬುಡದಲ್ಲಿ ಕೆಂಪು ಗಾಯ. ಹೇನು ಚಪ್ಪಟೆ, ದುಂಡಗೆ, ಮೈಗೆ ಅಂಟಿಕೊಂಡು ಓಡಾಡುತ್ತದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚಿಮಟದಿಂದ ಬುಡದ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ. ಆದರೆ ಮರಿಗಳು ನೀರಿನಲ್ಲಿ ಇರುತ್ತವೆ, ಕಿತ್ತರೆ ಮುಗಿಯಲಿಲ್ಲ. ಡೈಫ್ಲುಬೆಂಜುರಾನ್ ಎಂಬ ಔಷಧಿ ಅವು ಪೊರೆ ಬಿಡದಂತೆ ಮಾಡಿ ಕೊಲ್ಲುತ್ತದೆ. ಪೊರೆ ಬಿಡುವ ಸೀಗಡಿಗೂ ಅದೇ ಗತಿ, ಅವುಗಳನ್ನು ದೂರ ಇಡಿ.

ಹೊಟ್ಟೆಯೊಳಗಿನವು

ಗಪ್ಪಿ, ಮಾಲಿ, ಪ್ಲಾಟಿ ತಂದವರು ಇದನ್ನು ನೆನಪಿಡಿ. ಮೀನು ಸುಮ್ಮನೆ ನಿಂತಾಗ ಗುದದಿಂದ ಸಣ್ಣ ಕೆಂಪು ಎಳೆಗಳು ಹೊರಗೆ ಚಾಚಿ, ಮೀನು ಈಜಿದಾಗ ಒಳಗೆ ಹೋಗುತ್ತಿದ್ದರೆ ಅದು ಕ್ಯಾಮಲ್ಲನಸ್. ಹಿಕ್ಕೆ ಅಲ್ಲ. ಇದಕ್ಕೆ ಪ್ರಾಜಿಕ್ವಾಂಟೆಲ್ ಕೆಲಸ ಮಾಡುವುದಿಲ್ಲ, ಅದು ಚಪ್ಪಟೆ ಹುಳಕ್ಕೆ. ಇದು ದುಂಡು ಹುಳ. ಲೆವಮಿಸೋಲ್ ಬೇಕು, 1 ಲೀಟರಿಗೆ 2 ಮಿಲಿಗ್ರಾಂ, 24 ಗಂಟೆ. ಬೆಳಕಿಗೆ ಈ ಔಷಧಿ ಕೆಡುತ್ತದೆ, ಲೈಟ್ ಆರಿಸಿ. ಇದು ಹುಳವನ್ನು ಮರಗಟ್ಟಿಸಿ ಹೊರಗೆ ಬೀಳಿಸುತ್ತದೆ, ಪೂರ್ತಿ ಕೊಲ್ಲುತ್ತದೆ ಅನ್ನುವ ಹಾಗಿಲ್ಲ. ಆದ್ದರಿಂದ 24 ಗಂಟೆ ಆದ ಮೇಲೆ ತಳವನ್ನು ಚೆನ್ನಾಗಿ ಎಳೆದು, ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ. ಎರಡು ಮೂರು ವಾರ ಬಿಟ್ಟು ಮತ್ತೆ ಕೊಡಿ. ಒಂದು ಮೀನಿನಲ್ಲಿ ಕಂಡರೆ ಆ ಟ್ಯಾಂಕಿನ ಎಲ್ಲ ಮೀನುಗಳಿಗೂ ಇದೆ ಎಂದೇ ಲೆಕ್ಕ.

ಹಿಕ್ಕೆ ಬಿಳಿಯಾಗಿ, ದಾರದಂತೆ ಉದ್ದಕ್ಕೆ ನೇತಾಡುತ್ತಿದೆ, ಮೀನು ಊಟ ಉಗಿಯುತ್ತಿದೆ, ಮೈ ಕಪ್ಪಾಗಿದೆ ಎಂದರೆ ಕರುಳಿನ ಏಕಕೋಶ ಜೀವಿ ಸ್ಪೈರೋನ್ಯೂಕ್ಲಿಯಸ್ ಇರಬಹುದು. ಡಿಸ್ಕಸ್, ಏಂಜೆಲ್ ಮೀನುಗಳಲ್ಲಿ ಇದು ಹೆಚ್ಚು. ಆದರೆ ಒಂದೆರಡು ದಿನ ಊಟ ಮಾಡದ ಮೀನೂ ಬಿಳಿ ಹಿಕ್ಕೆ ಹಾಕುತ್ತದೆ, ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಔಷಧಿ ಮೆಟ್ರೋನಿಡಜೋಲ್. ಮೀನು ತಿನ್ನುತ್ತಿದ್ದರೆ ಊಟದಲ್ಲಿ ಬೆರೆಸಿ ಕೊಡುವುದು ಉತ್ತಮ, 25 ಗ್ರಾಂ ಊಟಕ್ಕೆ 250 ಮಿಲಿಗ್ರಾಂ, 5 ದಿನ. ತಿನ್ನದಿದ್ದರೆ ನೀರಿಗೆ, 10 ಲೀಟರಿಗೆ ಸುಮಾರು 65 ಮಿಲಿಗ್ರಾಂ, ದಿನಕ್ಕೊಮ್ಮೆ, 5 ದಿನ, ಪ್ರತಿ ಸಲವೂ ಮೊದಲು ಸ್ವಲ್ಪ ನೀರು ಬದಲಿಸಿ. ಬೆಳ್ಳುಳ್ಳಿ ರಸ ಊಟಕ್ಕೆ ಸವರಿದರೆ ಕೆಲವು ಮೀನು ಆಸೆಯಿಂದ ತಿನ್ನುತ್ತವೆ. ಅದೇ ಔಷಧಿ ಅಂತ ನಂಬಿ ದಿನ ಕಳೆಯಬೇಡಿ.

ಪ್ಯಾರಸೈಟ್ ಅಲ್ಲದವು

ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆ ಏಳುತ್ತದೆ. ಅದು ಸಹಜ. ಇಕ್ ಆದರೆ ಎಲ್ಲೆಂದರಲ್ಲಿ ಚೆಲ್ಲಿದ ಹಾಗಿರುತ್ತದೆ. ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಹತ್ತಿಯಂಥ ಬಿಳಿ ತೇಪೆ ಕಂಡರೆ ಅದು ಕಾಲಮ್ನಾರಿಸ್ ಇರಬಹುದು, ಅದು ಬ್ಯಾಕ್ಟೀರಿಯಾ. ಅದಕ್ಕೆ ಬಿಸಿ ಏರಿಸಿದರೆ ಇನ್ನೂ ಬೇಗ ಕೊಲ್ಲುತ್ತದೆ. ಇಕ್ ಅಂದುಕೊಂಡು ಹೀಟರ್ ತಿರುಗಿಸುವ ಮೊದಲು ಇನ್ನೊಮ್ಮೆ ನೋಡಿ ಅನ್ನುವುದು ಇದಕ್ಕೇ. ತಿಂಗಳುಗಟ್ಟಲೆ ಹಾಗೇ ಇರುವ ಹೂಕೋಸಿನಂಥ ಗಂಟು ಲಿಂಫೋಸಿಸ್ಟಿಸ್, ಅದು ವೈರಸ್. ಔಷಧಿ ಇಲ್ಲ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಮೈಕ್ರೋಸ್ಕೋಪ್ ಸಿಕ್ಕಿದರೆ ಊಹೆಯ ಕೆಲಸ ಅರ್ಧಕ್ಕರ್ಧ ತಪ್ಪುತ್ತದೆ. ಶಾಲೆಯಲ್ಲಿ ಬಳಸುವಂಥದ್ದು, 40ರಿಂದ 100 ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು. ಮೈಕ್ರೋಸ್ಕೋಪಿಗೆ ಬಳಸುವ ತೆಳು ಗಾಜಿನ ಅಂಚಿನಿಂದ ಪಕ್ಕದ ಮೈಯನ್ನು ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಸವರಿ, ಬಂದ ಲೋಳೆಗೆ ಟ್ಯಾಂಕಿನದೇ ಒಂದು ಹನಿ ನೀರು ಹಾಕಿ ತಕ್ಷಣ ನೋಡಿ. ನಿಧಾನವಾಗಿ ಉರುಳುವ ದೊಡ್ಡ ದುಂಡು, ಒಳಗೆ ಕುದುರೆ ಲಾಳದ ಆಕಾರ ಕಂಡರೆ ಇಕ್. ತಟ್ಟೆಯಂತೆ ಗಿರಗಿರ ತಿರುಗುತ್ತಿದ್ದರೆ ಟ್ರೈಕೋಡೈನಾ. ಹುಳದ ತಲೆಯಲ್ಲಿ ನಾಲ್ಕು ಕಪ್ಪು ಚುಕ್ಕಿ ಇದ್ದರೆ ಡ್ಯಾಕ್ಟಿಲೋಗೈರಸ್, ಚುಕ್ಕಿ ಇಲ್ಲದೆ ಹೊಟ್ಟೆಯೊಳಗೆ ಮರಿ ಕಂಡರೆ ಗೈರೋಡ್ಯಾಕ್ಟಿಲಸ್.

ಔಷಧಿ ಹಾಕುವ ದಿನ

ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರಿದೆ ಎಂದು ಅಳೆಯಿರಿ. ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30 ಆದರೆ 54 ಲೀಟರ್. ಕಲ್ಲು, ಜಲ್ಲಿ ಇದ್ದರೆ ಅದರಲ್ಲಿ ಸ್ವಲ್ಪ ಕಳೆಯಿರಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧಿಯನ್ನು ಹೀರಿಕೊಳ್ಳುತ್ತದೆ. ನೀರಿನ ಕೀಟಾಣು ಕೊಲ್ಲುವ ಯುವಿ ಲೈಟ್ ಇದ್ದರೆ ಆರಿಸಿ. ಫಾರ್ಮಲಿನ್ ಆಮ್ಲಜನಕ ಕಡಿಮೆ ಮಾಡುತ್ತದೆ, ಅದು ಇರುವಷ್ಟು ದಿನ ಗಾಳಿ ಜೋರಾಗಿರಲಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತ ಫಾರ್ಮಲಿನ್ ಮೀನಿಗೆ ಕಡು ವಿಷ, ಬಳಸಲೇಬೇಡಿ. ನಿಮಗೂ ಅದು ಒಳ್ಳೆಯದಲ್ಲ. ಮಲಕೈಟ್ ಗ್ರೀನ್ ಕೂಡ ಅಷ್ಟೇ. ಕೈಗವಸು ಹಾಕಿ, ಕಿಟಕಿ ತೆರೆಯಿರಿ, ತಿನ್ನುವ ಮೀನಿಗೆ ಈ ಔಷಧಿಗಳನ್ನು ಮುಟ್ಟಿಸಬೇಡಿ.

ಲೋಚ್ ಮತ್ತು ಹುರುಪೆ ಇಲ್ಲದ ಮೀನುಗಳು ಮಲಕೈಟ್ ಗ್ರೀನ್, ತಾಮ್ರವನ್ನು ಪೂರ್ತಿ ಅಳತೆಯಲ್ಲಿ ತಡೆಯುವುದಿಲ್ಲ. ಅರ್ಧ ಅಳತೆಯಿಂದ ಶುರು ಮಾಡಿ, ಒಂದು ಗಂಟೆ ಪಕ್ಕದಲ್ಲೇ ಕೂತು ನೋಡಿ. ಮೀನು ಹುಚ್ಚೆದ್ದು ಓಡಿದರೆ, ಮಗುಚಿದರೆ ತಕ್ಷಣ ಅರ್ಧ ನೀರು ಬದಲಿಸಿ. ಎರಡು ಔಷಧಿ ಒಟ್ಟಿಗೆ ಬೇಡ. ಒಂದು ಮುಗಿಸಿ, ನೀರು ಬದಲಿಸಿ, ಇದ್ದಿಲು ಹಾಕಿ ಒಂದೆರಡು ದಿನ ಬಿಟ್ಟು ಇನ್ನೊಂದು.

ಏನೂ ಲಕ್ಷಣ ಇಲ್ಲದ ಹೊಸ ಮೀನಿಗೆ ಮುಂಜಾಗ್ರತೆ ಅಂತ ಎಲ್ಲ ಔಷಧಿ ಸುರಿಯುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪ್ರಯಾಣ ಮಾಡಿ ಸುಸ್ತಾದ ಮೀನಿಗೆ ಮೊದಲ ವಾರ ಬೇಕಾಗಿರುವುದು ಶುದ್ಧ ನೀರು, ಕತ್ತಲೆ ಮೂಲೆ, ಸ್ವಲ್ಪ ಊಟ. ಕಾಡಿನ ಹೊಳೆಯಿಂದ ಹಿಡಿದು ತಂದ ಮೀನಿಗೆ ಮಾತ್ರ, ಅದು ತಿನ್ನಲು ಶುರು ಮಾಡಿದ ಮೇಲೆ, ಒಮ್ಮೆ ಪ್ರಾಜಿಕ್ವಾಂಟೆಲ್ ಕೊಡುತ್ತೇನೆ.

ಹೊಸ ಮೀನನ್ನು ಆಗಲೇ ದೊಡ್ಡ ಟ್ಯಾಂಕಿಗೆ ಬಿಟ್ಟು, ಈಗ ಚುಕ್ಕಿ ಕಂಡಿದೆಯಾ? ಕಂಡ ಮೀನನ್ನು ಮಾತ್ರ ಹಿಡಿದು ಬೇರೆ ಇಟ್ಟರೆ ಪ್ರಯೋಜನ ಇಲ್ಲ. ಗೂಡುಗಳು ಆಗಲೇ ಜಲ್ಲಿಯಲ್ಲಿವೆ. ಇಡೀ ಟ್ಯಾಂಕಿಗೇ ಚಿಕಿತ್ಸೆ ಕೊಡಿ. ಗಿಡ, ಸೀಗಡಿ ಇರುವುದರಿಂದ ಆಗದಿದ್ದರೆ ಎಲ್ಲ ಮೀನುಗಳನ್ನೂ ಬೇರೆ ಟ್ಯಾಂಕಿಗೆ ತೆಗೆದು ಅಲ್ಲಿ ಚಿಕಿತ್ಸೆ ಮಾಡಿ, ದೊಡ್ಡ ಟ್ಯಾಂಕನ್ನು 26 ಡಿಗ್ರಿಗಿಂತ ಬೆಚ್ಚಗೆ ಇಟ್ಟು ಎರಡು ಮೂರು ವಾರ ಮೀನಿಲ್ಲದೆ ಬಿಡಿ. ಮೀನು ಸಿಗದೆ ಇಕ್ ತಾನೇ ಸಾಯುತ್ತದೆ.

ಚಿಕಿತ್ಸೆ ಮುಗಿದ ಮೇಲೂ ಎರಡು ವಾರ ಏನೂ ಔಷಧಿ ಇಲ್ಲದೆ ನೋಡಿ. ಮೈ ಉಜ್ಜುತ್ತಿಲ್ಲ, ಹಿಕ್ಕೆ ಸರಿಯಾಗಿದೆ, ಹೊಟ್ಟೆ ತುಂಬಿದೆ ಎಂದಾದರೆ ದೊಡ್ಡ ಟ್ಯಾಂಕಿಗೆ ಬಿಡಿ. ಆಮೇಲೆ ಆ ಬಲೆ, ಪೈಪ್, ಪಿವಿಸಿ ತುಂಡುಗಳನ್ನು ತೊಳೆದು ಬಿಸಿಲಿನಲ್ಲಿ ಕೆಲವು ದಿನ ಪೂರ್ತಿ ಒಣಗಿಸಿ, ಒಂದು ಹನಿ ತೇವವೂ ಇರಬಾರದು. ಮತ್ತು ಇನ್ನೊಂದು ಸ್ಪಂಜನ್ನು ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಈಗಲೇ ಹಾಕಿಡಿ, ಮುಂದಿನ ಮೀನು ಬರುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ.